ಅಗೆಯುವ ಕುಂಡ

ಪ್ರೀತಿಯ ಗೆಳೆಯಾ,

ಮಕ್ಕಳನ್ನು ಕೂರಿಸಿಕೊಂಡು ಮನೆಯೊಳಗೇ ಬೀಜ ಹಾಕಿ ಸಸಿ ಎಬ್ಬಿಸಬೇಕೆಂದಿದ್ದೇನೆ, ಯಾವುದರಿಂದ ಶುರು ಮಾಡಲಿ ಎಂದು ನೀನು ಕೇಳಿದ್ದೆ. ಉತ್ತರ ಬರೆಯುವುದು ತಡವಾಯಿತು. ಅಷ್ಟರಲ್ಲಿ ನೀನು ದೊಣ್ಣೆಮೆಣಸಿನ ಬೀಜ ತಂದಿಟ್ಟುಕೊಂಡಿಲ್ಲ ತಾನೇ? ನಾನು ಮಾಡಿದ ಮೊದಲ ತಪ್ಪೇ ಅದು. ಅದರ ಮೊಳಕೆ ಮಣ್ಣಿನಿಂದ ತಲೆ ಎತ್ತಲು ಎರಡು ವಾರ ಬೇಕು, ಕೆಲವೊಮ್ಮೆ ಮೂರು. ನಾಲ್ಕು ವರ್ಷದ ಹುಡುಗನಿಗೆ ಅದು ಒಂದು ಯುಗ. ಮೂರನೆಯ ದಿನವೇ ಮಗ ಮಣ್ಣಿಗೆ ಬೆರಳು ತೂರಿಸಿ ಬೀಜ ಹೊರತೆಗೆದು, ನೋಡಿ, ಮತ್ತೆ ಒಳಗಿಟ್ಟಿದ್ದ. ಐದನೆಯ ದಿನ ಇನ್ನೊಮ್ಮೆ. ನಾನು ಗದರಿದೆ. "ಅದು ಬದುಕಿದೆಯೋ ಇಲ್ಲವೋ ಎಂದು ನೋಡಿದೆ" ಎಂದು ಅತ್ತ. ಯೋಚಿಸಿದರೆ, ಅವನ ಅನುಮಾನದಲ್ಲಿ ತಪ್ಪೇನಿತ್ತು? ಮಣ್ಣು ತುಂಬಿದ ಒಂದು ಲೋಟವನ್ನು ಮುಂದಿಟ್ಟು, ಒಳಗೆ ಏನೋ ನಡೆಯುತ್ತಿದೆ ಎಂದು ನಂಬು ಎಂದರೆ ನಾನೂ ನಂಬುತ್ತಿರಲಿಲ್ಲ.

ಹಾಗಾಗಿ ನೋಡಲು ಸಿಗುವ ಬೀಜದಿಂದ ಶುರು ಮಾಡು. ಗಾಜಿನ ಲೋಟದ ಒಳಮೈಗೆ ಒದ್ದೆ ಕಾಗದ ಸುತ್ತಿ, ಗಾಜಿಗೂ ಕಾಗದಕ್ಕೂ ನಡುವೆ ನಾಲ್ಕು ಬೀನ್ಸ್ ಬೀಜ ಸಿಕ್ಕಿಸು. ತಳದಲ್ಲಿ ಬೆರಳಿನಷ್ಟು ನೀರು ಸಾಕು, ಬೀಜ ಮುಳುಗಬಾರದು. ಮೊದಲು ಸಿಪ್ಪೆ ಸುಕ್ಕುಗಟ್ಟುತ್ತದೆ, ಆಮೇಲೆ ಬೀಜ ಉಬ್ಬುತ್ತದೆ, ಕೆಲವೇ ದಿನಗಳಲ್ಲಿ ಬಿಳಿ ಬೇರು ಇಣುಕುತ್ತದೆ. ಒಂದು ಬೀಜವನ್ನು ಬೇಕೆಂದೇ ತಲೆಕೆಳಗಾಗಿ ಇಡು. ಬೇರು ಸುತ್ತಿ ಬಳಸಿಯಾದರೂ ಕೆಳಕ್ಕೇ ಇಳಿಯುತ್ತದೆ. "ಕೆಳಗೆ ಯಾವುದು ಎಂದು ಅದಕ್ಕೆ ಯಾರು ಹೇಳಿದರು?" ಎಂದು ಆರು ವರ್ಷದ ಮಗಳು ಕೇಳಿದಾಗ ನಾನು ಪುಸ್ತಕ ತಿರುವಬೇಕಾಯಿತು. ಬೇರಿನ ತುದಿಯ ಜೀವಕೋಶಗಳಲ್ಲಿ ಪಿಷ್ಟದ ಕಣಗಳಿವೆ, ಅವು ಭಾರಕ್ಕೆ ಜಾರಿ ಕೂತ ಕಡೆಯೇ ಕೆಳಗು ಎಂದು ಬೇರು ತಿಳಿಯುತ್ತದೆ ಎಂದೆ. ಅವಳು ಮಂಚದಿಂದ ತಲೆಕೆಳಗಾಗಿ ಜೋತುಬಿದ್ದು, ತನ್ನೊಳಗೂ ಏನಾದರೂ ಜಾರುತ್ತದೆಯೇ ಎಂದು ಬಹಳ ಹೊತ್ತು ಪರೀಕ್ಷಿಸಿದಳು.

ಇನ್ನು ನೀರಿನ ವಿಷಯ. ಮಕ್ಕಳ ಪ್ರೀತಿಯೆಲ್ಲ ನೀರಿನ ರೂಪದಲ್ಲೇ ಹರಿಯುತ್ತದೆ. ನಮ್ಮ ಟೊಮೆಟೊ ಸಸಿಗಳು ವಾರದೊಳಗೆ ಚೆನ್ನಾಗಿ ಎದ್ದಿದ್ದವು. ಒಂದು ಬೆಳಿಗ್ಗೆ ನೋಡಿದರೆ ಅರ್ಧದಷ್ಟು ಮಲಗಿವೆ, ಮಣ್ಣಿಗೆ ತಾಗುವಲ್ಲಿ ಕಾಂಡ ದಾರದಷ್ಟು ಸಣ್ಣಗಾಗಿದೆ. ಸದಾ ಒದ್ದೆಯಾಗಿರುವ ಮಣ್ಣಿನಲ್ಲಿ ಬರುವ ಕೊಳೆರೋಗ ಅದು. ಬಿದ್ದ ಸಸಿಗೆ ಔಷಧಿಯಿಲ್ಲ. ಈಗ ತಳದಲ್ಲಿ ತೂತಿರುವ ಲೋಟಗಳನ್ನು ನೀರಿನ ತಟ್ಟೆಯಲ್ಲಿ ಅರ್ಧ ಗಂಟೆ ಇಟ್ಟು ತೆಗೆಯುತ್ತೇವೆ. ಮಣ್ಣು ಕೆಳಗಿನಿಂದ ತನಗೆ ಬೇಕಾದಷ್ಟು ಹೀರಿಕೊಳ್ಳುತ್ತದೆ. ತಟ್ಟೆಗೆ ನೀರು ಸುರಿಯುವ ಅಧಿಕಾರ ಮಗನದು. ಚೆಲ್ಲಿದರೆ ನೆಲ ಒರೆಸಿದರಾಯಿತು, ಸಸಿಯಂತೂ ಉಳಿಯುತ್ತದೆ.

ಬೆಳಕು ಸಾಲದಿದ್ದರೆ ಸಸಿಗಳು ಕಿಟಕಿಯ ಕಡೆಗೆ ಬಾಗಿ ಸಪೂರವಾಗಿ ಉದ್ದಕ್ಕೆ ಓಡುತ್ತವೆ. ದಿನಕ್ಕೊಮ್ಮೆ ಲೋಟ ತಿರುಗಿಸುವುದು ಮಗಳ ಕೆಲಸ. ಮೊಳಕೆಯಲ್ಲಿ ಮೊದಲು ಬಿಚ್ಚಿಕೊಳ್ಳುವ ಜೋಡಿ ಬೀಜದಳಗಳು, ಅವುಗಳ ಮೇಲೆ ಎರಡು ನಿಜವಾದ ಎಲೆ ಬಂದಮೇಲೆ ದೊಡ್ಡ ಕುಂಡಕ್ಕೆ ಬದಲಾಯಿಸು. ಆಗ ಮಕ್ಕಳು ಸಸಿಯನ್ನು ಎಲೆ ಹಿಡಿದು ಎತ್ತಲಿ. ಎಲೆ ಹರಿದರೆ ಇನ್ನೊಂದು ಬರುತ್ತದೆ, ಕಾಂಡ ಜಜ್ಜಿದರೆ ಕಥೆ ಮುಗಿಯಿತು. ಹೊರಗಿನ ಬಿಸಿಲಿಗೆ ಒಂದು ವಾರವಾದರೂ ಸ್ವಲ್ಪ ಸ್ವಲ್ಪವಾಗಿ ಒಗ್ಗಿಸಬೇಕು. ಆ ಹೊತ್ತು ಬಂದಾಗ ವಿವರವಾಗಿ ಬರೆಯುತ್ತೇನೆ.

ಒಂದು ಮಾತಿನಲ್ಲಿ ಮಾತ್ರ ನಾನು ಹಠಮಾರಿ. ಗುಲಾಬಿಯೋ ನೀಲಿಯೋ ಬಣ್ಣ ಬಳಿದಂತೆ ಕಾಣುವ ಬೀಜವನ್ನು ಮಕ್ಕಳ ಕೈಗೆ ಕೊಡಬೇಡ, ಅದಕ್ಕೆ ಶಿಲೀಂಧ್ರನಾಶಕ ಲೇಪಿಸಿರುತ್ತಾರೆ. ಹರಳಿನ ಬೀಜ ನೋಡಲು ಚಂದ, ಆದರೆ ವಿಷ. ಅದು ಮನೆಯೊಳಗೇ ಬರಬಾರದು.

ಅಂದಹಾಗೆ, ಮಗನ ಬೆರಳಿಗೂ ಒಂದು ದಾರಿ ಸಿಕ್ಕಿದೆ. ಎಂಟು ಬೀನ್ಸ್ ಬೀಜ ಹಾಕಿದ ಒಂದು ಕುಂಡ ಅವನದೇ. ಹೆಸರು "ಅಗೆಯುವ ಕುಂಡ". ದಿನಕ್ಕೊಂದು ಬೀಜ ಅಗೆದು ತೆಗೆದು ಕಾಗದದ ಮೇಲೆ ಅಂಟಿಸುವುದು. ಮೊದಲ ದಿನದ್ದು ಬರೀ ಉಬ್ಬಿದ ಬೀಜ, ಕೊನೆಯದು ಬಾಗಿದ ಕತ್ತಿನ ಮೊಳಕೆ. ಉಳಿದ ಲೋಟಗಳ ತಂಟೆಗೆ ಅವನು ಹೋಗಿಲ್ಲ. ಆದರೆ ಕಾಗದದಲ್ಲಿ ಐದನೆಯ ದಿನದ ಜಾಗ ಖಾಲಿ ಇತ್ತು. ಕೇಳಿದರೆ ಅಕ್ಕ ತಮ್ಮ ಇಬ್ಬರೂ ಬಾಯಿ ಬಿಡಲಿಲ್ಲ. ಎಂಟೂ ಬೀಜ ಅಗೆದು ಮುಗಿದಿದ್ದ ಆ ಕುಂಡದಲ್ಲಿ ನಿನ್ನೆ ಬೆಳಿಗ್ಗೆ ಒಂದು ಬೀನ್ಸ್ ಗಿಡ ಎರಡು ಎಲೆ ಬಿಚ್ಚಿಕೊಂಡು ನಿಂತಿತ್ತು.

ಇಂತಿ ನಿನ್ನ,
ಮಣ್ಣು ಮೆತ್ತಿದ ಕೈಯ ಗೆಳೆಯ