ನೆರಳಿಗೆ ಬಣ್ಣ ಬಳಿಯಬೇಡಿ

ಮಾನ್ಯ ಸಂಪಾದಕರೇ,

ಹಳೆಯ ಕಪ್ಪು-ಬಿಳುಪು ಸಿನಿಮಾಗಳಿಗೆ ಕಂಪ್ಯೂಟರ್‌ನಲ್ಲಿ ಬಣ್ಣ ತುಂಬುವುದರ ಬಗ್ಗೆ ನಿಮ್ಮ ಸಿನಿಮಾ ಪುಟದಲ್ಲಿ ಬಂದ ಬರಹ ಓದಿದೆ. ಬಣ್ಣ ಬಂದರೆ ಹಳೆಯ ಹಾಲಿವುಡ್ ಸಿನಿಮಾಗಳಿಗೆ ಮರುಜೀವ ಬರುತ್ತದೆ, ಈಗಿನ ಹುಡುಗರೂ ನೋಡುತ್ತಾರೆ ಎಂದು ಅದರಲ್ಲಿತ್ತು. ಹುಡುಗರು ನೋಡಬೇಕು ಅನ್ನುವ ಆಸೆ ನನಗೂ ಇದೆ. ಆದರೆ ಅದಕ್ಕೆ ದಾರಿ ಇದಲ್ಲ. ಅದರಲ್ಲೂ ಫಿಲ್ಮ್ ನುವಾರ್ ಎಂದು ಕರೆಯುವ 1940 ಮತ್ತು 50ರ ದಶಕದ ಅಪರಾಧದ ಸಿನಿಮಾಗಳಿಗೆ ಬಣ್ಣ ಬಳಿದರೆ ಸಿನಿಮಾವೇ ಹಾಳಾಗುತ್ತದೆ.

ಈ ಸಿನಿಮಾಗಳ ಹುಚ್ಚು ಹಿಡಿದ ನಮ್ಮಂಥವರಿಗೆ ಕಥೆ ಬಾಯಿಪಾಠ ಆಗಿರುತ್ತದೆ. ಕೊಲೆ ಮಾಡಿದ್ದು ಯಾರು, ಕೊನೆಗೆ ಸಿಕ್ಕಿಬೀಳುವುದು ಯಾರು, ಎಲ್ಲ ಗೊತ್ತು. ಆದರೂ ಮತ್ತೆ ಮತ್ತೆ ನೋಡುತ್ತೇವೆ. ನೋಡುವುದು ನೆರಳು-ಬೆಳಕಿನ ಆಟಕ್ಕಾಗಿ.

1944ರ ‘ಡಬಲ್ ಇಂಡೆಮ್ನಿಟಿ’ಯನ್ನೇ ತೆಗೆದುಕೊಳ್ಳಿ. ಬಿಲ್ಲಿ ವೈಲ್ಡರ್ ನಿರ್ದೇಶನ, ಜಾನ್ ಸೈಟ್ಸ್ ಛಾಯಾಗ್ರಹಣ. ಇನ್ಶೂರೆನ್ಸ್ ಏಜೆಂಟ್ ವಾಲ್ಟರ್ ನೆಫ್ ಕಾರಿನ ಪಾಲಿಸಿ ರಿನ್ಯೂ ಮಾಡಿಸಲು ಲಾಸ್ ಏಂಜಲೀಸ್‌ನ ಒಂದು ಮನೆಗೆ ಬರುತ್ತಾನೆ. ಹೊರಗೆ ಸುಡುವ ಬಿಸಿಲು. ಒಳಗೆ ಕಿಟಕಿಗಳೆಲ್ಲ ಮುಚ್ಚಿವೆ. ಪಟ್ಟಿಪಟ್ಟಿ ಪರದೆಯ ಸಂದಿಯಿಂದ ಬಿಸಿಲು ಗೆರೆಗೆರೆಯಾಗಿ ಬೀಳುತ್ತದೆ. ಆ ಗೆರೆಗಳಲ್ಲಿ ಧೂಳು ತೇಲುತ್ತಿರುವುದು ಕಾಣುತ್ತದೆ. ನೋಡಲು ಶ್ರೀಮಂತರ ಮನೆ, ಆದರೆ ಗಾಳಿಯಾಡದ ಮನೆ. ಅಲ್ಲಿ ಏನೋ ಕೊಳೆಯುತ್ತಿದೆ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ನಿಜವಾದ ಧೂಳು ಕ್ಯಾಮೆರಾಗೆ ಅಷ್ಟು ಚೆನ್ನಾಗಿ ಕಾಣುವುದಿಲ್ಲ. ಅದಕ್ಕೇ ಸೈಟ್ಸ್ ಅಲ್ಯೂಮಿನಿಯಂ ಪುಡಿಯನ್ನು ಗಾಳಿಯಲ್ಲಿ ಹಾರಿಸಿ ಶೂಟ್ ಮಾಡಿದರು. ಆ ಪುಡಿಗೆ ಈಗ ಯಾವ ಬಣ್ಣ ಕೊಡುತ್ತೀರಿ?

ಅದೇ ಸಿನಿಮಾದಲ್ಲಿ ಕೊಲೆ ನಡೆಯುವ ಗಳಿಗೆ ಇನ್ನೂ ದೊಡ್ಡದು. ರಾತ್ರಿ, ಕಾರಿನೊಳಗೆ, ಪಕ್ಕದ ಸೀಟಿನಲ್ಲಿ ಆ ಮನೆಯ ಯಜಮಾನನ ಕತ್ತನ್ನು ನೆಫ್ ಹಿಸುಕುತ್ತಿದ್ದಾನೆ. ಕ್ಯಾಮೆರಾ ಅತ್ತ ತಿರುಗುವುದೇ ಇಲ್ಲ. ಸ್ಟೀರಿಂಗ್ ಹಿಡಿದ ಹೆಂಡತಿಯ ಮುಖದ ಮೇಲೇ ನಿಲ್ಲುತ್ತದೆ. ಆ ಪಾತ್ರದ ನಟಿ ಬಾರ್ಬರಾ ಸ್ಟಾನ್‌ವಿಕ್ ನೇರ ಮುಂದೆ ನೋಡುತ್ತಾರೆ, ಅಷ್ಟೇ. ಕತ್ತಲಲ್ಲಿ ಒಂದು ಬಿಳಿ ಮುಖ. 1934ರಿಂದ ಹಾಲಿವುಡ್‌ನಲ್ಲಿ ಸೆನ್ಸಾರ್ ನಿಯಮಗಳು ಬಿಗಿಯಾಗಿದ್ದವು, ಕೊಲೆಯನ್ನು ವಿವರವಾಗಿ ತೋರಿಸುವ ಹಾಗಿರಲಿಲ್ಲ. ಹಾಗಾಗಿ ಮುಖ ಮತ್ತು ಕತ್ತಲೆ, ಇವೆರಡೇ ಎಲ್ಲವನ್ನೂ ಹೇಳಬೇಕಿತ್ತು. ಹೇಳಿದವು. ಆ ಮುಖಕ್ಕೆ ಗುಲಾಬಿ ಬಣ್ಣದ ಕೆನ್ನೆ, ಕೆಂಪು ತುಟಿ ಬಂದರೆ ನಮ್ಮ ಕಣ್ಣು ಕೆನ್ನೆಯ ಕಡೆ ಹೋಗುತ್ತದೆ. ಅವಳ ಕಣ್ಣಿನ ಕಡೆ ಹೋಗುವುದಿಲ್ಲ.

ಆಗ ಬಣ್ಣ ಇರಲಿಲ್ಲ, ಇದ್ದಿದ್ದರೆ ಅವರೂ ಬಣ್ಣದಲ್ಲೇ ತೆಗೆಯುತ್ತಿದ್ದರು ಅನ್ನುತ್ತಾರೆ ಕೆಲವರು. ಬಣ್ಣ ಇತ್ತು. 1939ರಲ್ಲೇ ‘ಗಾನ್ ವಿತ್ ದ ವಿಂಡ್’ ಟೆಕ್ನಿಕಲರ್‌ನಲ್ಲಿ ಬಂದಿತ್ತು. ಖರ್ಚು ಜಾಸ್ತಿ ಅನ್ನುವುದು ನಿಜ. ಆದರೆ ಕಪ್ಪು-ಬಿಳುಪಿನಲ್ಲಿ ತೆಗೆದವರು ಅದಕ್ಕೆ ಹೊಂದುವ ಹಾಗೇ ಎಲ್ಲವನ್ನೂ ಯೋಚಿಸಿ ಮಾಡುತ್ತಿದ್ದರು. ಗೋಡೆಯ ಬಣ್ಣ, ಸೀರೆಯಷ್ಟೇ ಜೋಪಾನವಾಗಿ ಆರಿಸಿದ ಗೌನು, ಮೇಕಪ್, ಎಲ್ಲವೂ ತೆರೆಯ ಮೇಲೆ ಯಾವ ಬೂದು ಛಾಯೆಯಾಗಿ ಕಾಣುತ್ತದೆ ಎಂದು ನೋಡಿಯೇ ಇಡುತ್ತಿದ್ದರು. ಬಣ್ಣ ಬೇಕಾದ ಕಡೆ ಬಣ್ಣವನ್ನೂ ಬಳಸಿದರು. 1945ರ ‘ಲೀವ್ ಹರ್ ಟು ಹೆವನ್’ ಬಣ್ಣದ ಸಿನಿಮಾ. ಲಿಯಾನ್ ಶ್ಯಾಮ್‌ರಾಯ್‌ಗೆ ಅದರ ಛಾಯಾಗ್ರಹಣಕ್ಕೆ ಆಸ್ಕರ್ ಬಂತು. ಅದರ ನಾಯಕಿ ಜೀನ್ ಟಿಯರ್ನಿ ಕಪ್ಪು ಕನ್ನಡಕ ಹಾಕಿಕೊಂಡು ದೋಣಿಯಲ್ಲಿ ಸುಮ್ನೆ ಕೂತಿದ್ದಾರೆ. ಎದುರಿಗೆ ಗಂಡನ ತಮ್ಮ, ಕಾಲಿನಲ್ಲಿ ಬಲವಿಲ್ಲದ ಹುಡುಗ, ಕೆರೆಯಲ್ಲಿ ಮುಳುಗುತ್ತಿದ್ದಾನೆ. ಸುತ್ತ ಹಸಿರು, ಹಗಲು ಬೆಳಕು, ಎಲ್ಲ ಸುಂದರ. ಅಷ್ಟು ಸುಂದರವಾಗಿರುವುದರಿಂದಲೇ ಮೈ ಜುಂ ಅನ್ನುತ್ತದೆ. ಆ ಸಿನಿಮಾದಿಂದ ಬಣ್ಣ ತೆಗೆದರೂ ನಾನು ಹೀಗೇ ಪತ್ರ ಬರೆಯುತ್ತಿದ್ದೆ.

ಇನ್ನೊಂದು ತುದಿಯಲ್ಲಿ ಜಾನ್ ಆಲ್ಟನ್ ಇದ್ದಾರೆ. ಕಡಿಮೆ ದುಡ್ಡಿನ ಸಿನಿಮಾಗಳಲ್ಲಿ ಕಡಿಮೆ ದೀಪ ಹಚ್ಚಿ ಕೆಲಸ ಮಾಡಿದವರು. ನನ್ನ ಪಾಲಿಗೆ ಈ ಬಗೆಯ ಸಿನಿಮಾಗಳ ಎಲ್ಲರಿಗಿಂತ ದೊಡ್ಡ ಛಾಯಾಗ್ರಾಹಕ ಅವರೇ. 1955ರ ‘ದ ಬಿಗ್ ಕಾಂಬೊ’ ಸಿನಿಮಾದ ಕೊನೆಯ ದೃಶ್ಯ ನೋಡಿ. ವಿಮಾನ ನಿಲ್ದಾಣ, ದಟ್ಟ ಮಂಜು. ತಪ್ಪಿಸಿಕೊಳ್ಳಲು ನೋಡುವ ಖಳನ ಮೇಲೆ ಅವನ ಹಿಡಿತದಲ್ಲಿ ನರಳಿದ ಹೆಣ್ಣೇ ಕಾರಿನ ದೀಪ ತಿರುಗಿಸಿ ಬಿಡುತ್ತಾಳೆ. ಎತ್ತ ಓಡಿದರೂ ಬೆಳಕು ಬಿಡುವುದಿಲ್ಲ. ಆಮೇಲೆ ಅವಳು ಮತ್ತು ಪತ್ತೇದಾರ ಬರೀ ಎರಡು ಕಪ್ಪು ಆಕಾರಗಳಾಗಿ ಮಂಜಿನ ಎದುರು ನಿಲ್ಲುತ್ತಾರೆ. ಅಲ್ಲಿ ಮುಖ ಇಲ್ಲ, ಬಟ್ಟೆ ಇಲ್ಲ, ಬಣ್ಣ ತುಂಬಲು ಜಾಗವೇ ಇಲ್ಲ.

ಇದು ದೂರದ ಅಮೆರಿಕದ ಮಾತು, ನಮಗೇಕೆ ಎಂದು ಯಾರಾದರೂ ಕೇಳಬಹುದು. ಹಿಂದಿ ಸಿನಿಮಾ ನಿರ್ದೇಶಕ ಗುರುದತ್ ಹುಟ್ಟಿದ್ದು ಬೆಂಗಳೂರಿನಲ್ಲಿ. ಅವರ ಮೊದಮೊದಲಿನ ಅಪರಾಧದ ಸಿನಿಮಾಗಳಲ್ಲಿ ಈ ಹಾಲಿವುಡ್ ನೆರಳು ಎದ್ದು ಕಾಣುತ್ತದೆ. ಅವರ ಛಾಯಾಗ್ರಾಹಕ ವಿ.ಕೆ. ಮೂರ್ತಿ ನಮ್ಮ ಮೈಸೂರಿನವರು. ‘ಕಾಗಜ್ ಕೆ ಫೂಲ್’ ಸಿನಿಮಾದಲ್ಲಿ ಖಾಲಿ ಸ್ಟುಡಿಯೊದೊಳಗೆ ಮೇಲಿಂದ ಇಳಿಯುವ ಆ ಬೆಳಕಿನ ಕಂಬವನ್ನು ಅವರು ಮೂಡಿಸಿದ್ದು ದೊಡ್ಡ ಕನ್ನಡಿಗಳಿಂದ, ಹೊರಗಿನ ಬಿಸಿಲನ್ನೇ ಒಳಕ್ಕೆ ತಿರುಗಿಸಿ. ಛಾಯಾಗ್ರಾಹಕರಲ್ಲಿ ಮೊದಲ ಫಾಲ್ಕೆ ಪ್ರಶಸ್ತಿ ಪಡೆದವರು ಅವರು. ಸೈಟ್ಸ್ ಹಾರಿಸಿದ ಪುಡಿ, ಮೂರ್ತಿ ಹಿಡಿದ ಕನ್ನಡಿ, ಎರಡೂ ಒಂದೇ ಜಾತಿಯ ಕೆಲಸ ಅಲ್ವಾ?

ಈ ಜಗಳ ಹೊಸದೂ ಅಲ್ಲ. 1980ರ ದಶಕದಲ್ಲಿ ಅಮೆರಿಕದ ಟಿ.ವಿ. ಉದ್ಯಮಿ ಟೆಡ್ ಟರ್ನರ್ ಹಳೆಯ ಸಿನಿಮಾಗಳ ದೊಡ್ಡ ಭಂಡಾರವನ್ನೇ ಕೊಂಡು ಬಣ್ಣ ಬಳಿಸಲು ಶುರು ಮಾಡಿದರು. ‘ದ ಮಾಲ್ಟೀಸ್ ಫಾಲ್ಕನ್’ಗೂ ಬಣ್ಣ ಬಂತು. ಅದನ್ನು 1941ರಲ್ಲಿ ನಿರ್ದೇಶಿಸಿದ ಜಾನ್ ಹ್ಯೂಸ್ಟನ್ ವಯಸ್ಸಾಗಿ ಆರೋಗ್ಯ ಕೆಟ್ಟಿದ್ದರೂ 1986ರಲ್ಲಿ ಪತ್ರಕರ್ತರ ಮುಂದೆ ಕೂತು ಪ್ರತಿಭಟಿಸಿದರು. ಮರುವರ್ಷ ತೀರಿಕೊಂಡರು. ಅವರ ಇನ್ನೊಂದು ಸಿನಿಮಾ ‘ದ ಆಸ್ಫಾಲ್ಟ್ ಜಂಗಲ್’ ಅನ್ನು ಬಣ್ಣದಲ್ಲಿ ತೋರಿಸಲು ಫ್ರಾನ್ಸಿನ ಒಂದು ಟಿ.ವಿ. ಚಾನೆಲ್ ಹೊರಟಾಗ ಅವರ ಮಕ್ಕಳು ಕೋರ್ಟಿಗೆ ಹೋದರು. 1991ರಲ್ಲಿ ಅಲ್ಲಿನ ಅತಿ ದೊಡ್ಡ ನ್ಯಾಯಾಲಯ ಅವರ ಪರ ತೀರ್ಪು ಕೊಟ್ಟಿತು. ಅಮೆರಿಕದಲ್ಲೂ ಈ ಗದ್ದಲದ ನಡುವೆಯೇ 1988ರಲ್ಲಿ ಒಂದು ಕಾನೂನು ಬಂತು. ಕಾಪಾಡಬೇಕಾದ ಸಿನಿಮಾಗಳ ರಾಷ್ಟ್ರೀಯ ಪಟ್ಟಿಗೆ ಸೇರಿದ ಸಿನಿಮಾಕ್ಕೆ ಬಣ್ಣ ಬಳಿದು ತೋರಿಸುವುದಾದರೆ ಹಾಗೆಂದು ನೋಡುವವರಿಗೆ ತಿಳಿಸಬೇಕು ಎಂದು ಅದು ಹೇಳಿತು. ಅದೇ ಟರ್ನರ್ 1994ರಲ್ಲಿ ಶುರು ಮಾಡಿದ ಹಳೆಯ ಸಿನಿಮಾಗಳ ಚಾನೆಲ್ ಇವತ್ತು ಕಪ್ಪು-ಬಿಳುಪನ್ನು ಹಾಗೇ ತೋರಿಸುವುದಕ್ಕೆ ಹೆಸರುವಾಸಿ.

ನಮ್ಮಲ್ಲೂ ‘ಸತ್ಯ ಹರಿಶ್ಚಂದ್ರ’ ಮತ್ತು ‘ಕಸ್ತೂರಿ ನಿವಾಸ’ ಬಣ್ಣದಲ್ಲಿ ಮತ್ತೆ ಬಿಡುಗಡೆಯಾದವು. ಥಿಯೇಟರಿಗೆ ಜನ ಸಂಭ್ರಮದಿಂದ ಹೋದರು. ಅಣ್ಣಾವ್ರನ್ನು ದೊಡ್ಡ ಪರದೆಯ ಮೇಲೆ ಕಾಣುವ ಆಸೆ ಅದು, ಅದನ್ನು ನಾನು ತಪ್ಪು ಅನ್ನಲಾರೆ. ರಾಜರ ಆಸ್ಥಾನ, ಕಿರೀಟ, ಪೀತಾಂಬರ ಇರುವ ಸಿನಿಮಾ ಬಣ್ಣವನ್ನು ಸ್ವಲ್ಪ ಮಟ್ಟಿಗೆ ತಾಳಿಕೊಳ್ಳುತ್ತದೆ ಕೂಡ. ನನ್ನ ಚಿಂತೆ ಬೇರೆ. ಬಣ್ಣದ ಪ್ರತಿ ಬಂದ ಮೇಲೆ ಮೂಲದ ಪ್ರತಿಯನ್ನು ಕೇಳುವವರೇ ಇಲ್ಲವಾದರೆ ಏನು ಗತಿ? ಕೇಳುವವರಿಲ್ಲದ ರೀಲು ಗೋದಾಮಿನಲ್ಲಿ ಹಾಳಾಗುತ್ತದೆ.

ಮರುಜೀವ ಅಂದರೆ ಏನು ಎಂದು ಅಮೆರಿಕದ ಅಭಿಮಾನಿಗಳು ಮಾಡಿ ತೋರಿಸಿದ್ದಾರೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಎಡ್ಡಿ ಮುಲ್ಲರ್ 2003ರಲ್ಲಿ ‘ನುವಾರ್ ಸಿಟಿ’ ಚಿತ್ರೋತ್ಸವ ಶುರು ಮಾಡಿದರು. ಜನ ಆ ಕಾಲದ ಟೋಪಿ, ಕೋಟು ಹಾಕಿಕೊಂಡು ಬರುತ್ತಾರೆ. ಮುಲ್ಲರ್ ಕಟ್ಟಿದ ಫಿಲ್ಮ್ ನುವಾರ್ ಫೌಂಡೇಶನ್ ಆ ಉತ್ಸವದಿಂದ ಬಂದ ಹಣವನ್ನೂ ಸೇರಿಸಿ ಕಳೆದುಹೋಗುತ್ತಿದ್ದ ಸಿನಿಮಾಗಳನ್ನು ಹುಡುಕಿ ಸರಿಪಡಿಸುತ್ತದೆ. 1950ರ ‘ವುಮನ್ ಆನ್ ದ ರನ್’ ಸಿನಿಮಾದ ಪ್ರತಿ 2008ರಲ್ಲಿ ಯೂನಿವರ್ಸಲ್ ಸ್ಟುಡಿಯೊದ ಬೆಂಕಿಯಲ್ಲಿ ಸುಟ್ಟುಹೋಯಿತು. ಫೌಂಡೇಶನ್‌ನವರು ಬಿಡಲಿಲ್ಲ. ಲಂಡನ್ನಿನ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್‌ನಲ್ಲಿ ಉಳಿದಿದ್ದ ರೀಲುಗಳಿಂದ ಅದು ಮತ್ತೆ ತೆರೆಗೆ ಬಂತು. ಗೀರು ಹೋಗಿತ್ತು, ಶಬ್ದ ಶುದ್ಧವಾಗಿತ್ತು, ಕಪ್ಪು ಕಪ್ಪಾಗೇ ಇತ್ತು.

ಹುಡುಗರಿಗೆ ರುಚಿ ಹತ್ತಿಸಬೇಕು ಅನ್ನುವವರು ‘ಡಿಟೂರ್’ ತೋರಿಸಿ. 1945ರ ಸಿನಿಮಾ, ಎಪ್ಪತ್ತು ನಿಮಿಷವೂ ಇಲ್ಲ. ಎಡ್ಗರ್ ಉಲ್ಮರ್ ಬಹಳ ಸ್ವಲ್ಪ ದುಡ್ಡಿನಲ್ಲಿ ತೆಗೆದದ್ದು. ನ್ಯೂಯಾರ್ಕಿನ ಬೀದಿ ಕಟ್ಟಲು ಹಣವಿಲ್ಲದೆ ಪರದೆ ತುಂಬ ಮಂಜು ಹರಡಿಸಿ ಇಬ್ಬರನ್ನು ಅದರಲ್ಲಿ ನಡೆಸಿಬಿಟ್ಟರು. ಕತ್ತಲಲ್ಲಿ ಅದು ನಿಜವಾದ ನ್ಯೂಯಾರ್ಕಿಗಿಂತ ಹೆಚ್ಚು ನ್ಯೂಯಾರ್ಕ್ ಅನ್ನಿಸುತ್ತದೆ. ಕೋಣೆಯ ದೀಪ ಆರಿಸಿ, ಫೋನ್ ದೂರ ಇಟ್ಟು ನೋಡಲಿ. ಹದಿನೈದು ನಿಮಿಷದಲ್ಲಿ ಬಣ್ಣದ ನೆನಪೇ ಇರುವುದಿಲ್ಲ.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಈ ಸಿನಿಮಾಗಳ ಬಗ್ಗೆ ಬರೆದಾಗ ದಯವಿಟ್ಟು ಮೂಲದ ಕಪ್ಪು-ಬಿಳುಪು ಚಿತ್ರಗಳನ್ನೇ ಹಾಕಿ. ಬಣ್ಣ ಬಳಿದ ಪ್ರತಿಯ ಚಿತ್ರ ಹಾಕಲೇಬೇಕಾದರೆ ಕೆಳಗೆ ಹಾಗೆಂದು ಒಂದು ಸಾಲು ಬರೆಯಿರಿ. ಕನ್ನಡದ ಹಳೆಯ ಸಿನಿಮಾಗಳಿಗೆ ಬಣ್ಣ ತುಂಬುವ ನಿರ್ಮಾಪಕರು ಮೂಲದ ಪ್ರತಿಯನ್ನೂ ಸರಿಪಡಿಸಿ ಅದರ ಜೊತೆಗೇ ಬಿಡುಗಡೆ ಮಾಡಲಿ ಎಂಬ ಮಾತನ್ನು ನಿಮ್ಮ ಪುಟದಲ್ಲಿ ಎತ್ತಿ.

ಇಂತಿ,
ನಿಮ್ಮ ಓದುಗ,
ಸರಸ್ವತಿಪುರಂ, ಮೈಸೂರು