ಗಾಂಧಿನಗರದಿಂದ ವಿಧಾನಸೌಧಕ್ಕೆ

2025ರ ಮಾರ್ಚ್ 1ರಂದು ವಿಧಾನಸೌಧದ ಮುಂದೆ ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವದ ಉದ್ಘಾಟನೆ ನಡೆಯಿತು. ಸಿನಿಮಾದವರ ಹಬ್ಬಕ್ಕೆ ಸಿನಿಮಾದವರೇ ಕಡಿಮೆ ಬಂದಿದ್ದರು. ಅದನ್ನು ಕಂಡು ಸಿಟ್ಟಾದ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್, ಮೇಕೆದಾಟು ಅಣೆಕಟ್ಟಿಗಾಗಿ ಕಾಂಗ್ರೆಸ್ 2022ರಲ್ಲಿ ನಡೆಸಿದ ಪಾದಯಾತ್ರೆಗೂ ಇವರಲ್ಲಿ ಹೆಚ್ಚಿನವರು ಬರಲಿಲ್ಲವೆಂದು ನೆನಪಿಸಿದರು. ಯಾರ ನಟ್ಟು ಬೋಲ್ಟು ಎಲ್ಲಿ ಬಿಗಿ ಮಾಡಬೇಕೆಂಬುದು ತಮಗೆ ಗೊತ್ತಿದೆ ಎಂದರು. ಆರು ದಿನ ಕಳೆದು, ಮಾರ್ಚ್ 7ರಂದು ಮಂಡನೆಯಾದ ರಾಜ್ಯ ಬಜೆಟ್‌ನಲ್ಲಿ ಅದೇ ಚಿತ್ರರಂಗಕ್ಕೆ ಕೊಡುಗೆಗಳಿದ್ದವು: ಉದ್ಯಮದ ಸ್ಥಾನಮಾನ, ಸರ್ಕಾರದ್ದೇ ಒಟಿಟಿ ವೇದಿಕೆ, ಟಿಕೆಟ್‌ಗೆ 200 ರೂಪಾಯಿಯ ಮಿತಿ, ಮೈಸೂರಿನ ಬಳಿ 150 ಎಕರೆಯಲ್ಲಿ ಚಿತ್ರನಗರಿ.

ಗದರಿಕೆ, ಕೊಡುಗೆ ಎರಡೂ ಒಂದೇ ಬಾಗಿಲಿನಿಂದ ಬಂದವು. ಗಾಂಧಿನಗರದ ಸುತ್ತ ಬೆಳೆದ ಕನ್ನಡದ ವಾಣಿಜ್ಯ ಸಿನಿಮಾ ಇವತ್ತು ಎಲ್ಲಿ ನಿಂತಿದೆ ಎಂಬುದಕ್ಕೆ ಆ ಒಂದು ವಾರ ಸಾಕು. ಟಿಕೆಟ್ ಕೊಳ್ಳುವವರನ್ನು ಕಳೆದುಕೊಳ್ಳುತ್ತಾ ಬಂದ ಹಾಗೆಲ್ಲ ಅದು ಸರ್ಕಾರದ ಕಡೆ ಹೆಚ್ಚು ಹೆಚ್ಚು ಕೈಚಾಚಿದೆ. ಕೈಚಾಚಿದವರನ್ನು ಪಾದಯಾತ್ರೆಗೆ ಕರೆಯುವುದು ಸುಲಭ, ಬರದಿದ್ದರೆ ಗದರುವುದು ಇನ್ನೂ ಸುಲಭ.

ಮೊದಲು ಹೀಗಿರಲಿಲ್ಲ. 1977ರಲ್ಲಿ ಎಂ.ಜಿ. ರಾಮಚಂದ್ರನ್ ತಮಿಳುನಾಡಿನ ಮುಖ್ಯಮಂತ್ರಿಯಾದರು. 1982ರ ಮಾರ್ಚ್‌ನಲ್ಲಿ ಪಕ್ಷ ಕಟ್ಟಿದ ಎನ್.ಟಿ. ರಾಮರಾವ್ ಮರುವರ್ಷದ ಜನವರಿಯಲ್ಲೇ ಆಂಧ್ರದ ಗದ್ದುಗೆ ಏರಿದರು. ಅವರಷ್ಟೇ ಜನಬಲವಿದ್ದ ರಾಜ್‌ಕುಮಾರ್ ಆ ದಾರಿ ಹಿಡಿಯಲಿಲ್ಲ. 1978ರ ಚಿಕ್ಕಮಗಳೂರು ಉಪಚುನಾವಣೆಯಲ್ಲಿ ಅವರನ್ನು ಇಂದಿರಾ ಗಾಂಧಿಯವರ ಎದುರು ನಿಲ್ಲಿಸುವ ಪ್ರಯತ್ನ ನಡೆದಾಗಲೂ ಒಪ್ಪಲಿಲ್ಲ. 1982ರಲ್ಲಿ, ಶಾಲೆಗಳಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಕೊಡಬೇಕೆಂದ ಗೋಕಾಕ್ ವರದಿಯ ಜಾರಿಗಾಗಿ ಸಾಹಿತಿಗಳು ಹೂಡಿದ್ದ ಚಳವಳಿಗೆ ಇಳಿದು ಊರೂರು ಸುತ್ತಿದರು, ಸರ್ಕಾರ ಬಗ್ಗಲೇಬೇಕಾಯಿತು. ಚುನಾವಣೆಯ ಲೆಕ್ಕ ಅವರಿಗಿಲ್ಲವೆಂದು ಜನಕ್ಕೆ ಗೊತ್ತಿದ್ದದ್ದೇ ಅವರ ಮಾತಿಗಿದ್ದ ತೂಕ.

ಆದರೆ ಆ ಕಾಲದಲ್ಲೇ ಬೆಳೆದ ಇನ್ನೊಂದು ಸಂಗತಿಯಿದೆ. ಅಭಿಮಾನಿ ಸಂಘಗಳು ತಾಲ್ಲೂಕಿಗೊಬ್ಬ ಅಧ್ಯಕ್ಷ, ಬಡಾವಣೆಗೊಂದು ಘಟಕ ಎಂದು ಹರಡಿಕೊಂಡವು. ಬಿಡುಗಡೆಯ ದಿನ ಕಟೌಟ್ ನಿಲ್ಲಿಸುವುದು, ಹಾರ ಹಾಕುವುದು, ಬೆಳಗಿನ ಆಟ ತುಂಬಿಸುವುದು, ಕರೆ ಬಂದಾಗ ಬಂದ್ ಮಾಡಿಸುವುದು, ಎಲ್ಲವೂ ಒಂದೇ ಪಡೆಯ ಕೆಲಸ. ಚುನಾವಣೆಗೆ ಬೇಕಾಗುವುದೂ ಇಂಥದೇ ಪಡೆ. ಬೇರೆ ಭಾಷೆಯ ಚಿತ್ರಗಳನ್ನು ಕನ್ನಡಕ್ಕೆ ಡಬ್ಬಿಂಗ್ ಮಾಡುವುದರ ಮೇಲಿದ್ದ ಅಲಿಖಿತ ನಿಷೇಧ ದಶಕಗಳ ಕಾಲ ನಿಂತದ್ದು ಕಾನೂನಿನಿಂದಲ್ಲ, ಈ ಬಲದಿಂದ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಅದನ್ನು ಸ್ಪರ್ಧೆಗೆ ವಿರುದ್ಧವೆಂದು ತೀರ್ಪಿತ್ತಿತು. ಅಷ್ಟರೊಳಗೆ ಬೆಂಗಳೂರಿನ ಪ್ರೇಕ್ಷಕ ತೆಲುಗು, ತಮಿಳು, ಹಿಂದಿ ಚಿತ್ರಗಳನ್ನು ಆಯಾ ಭಾಷೆಯಲ್ಲೇ ನೋಡಿ ರೂಢಿಯಾಗಿದ್ದ. ಮಕ್ಕಳು ಕಾರ್ಟೂನ್ ನೋಡಿದ್ದೂ ಬೇರೆ ಭಾಷೆಯಲ್ಲೇ. ಕನ್ನಡವನ್ನು ಕಾಯಲೆಂದು ಕಟ್ಟಿದ ಗೋಡೆ ಕನ್ನಡದಲ್ಲಿ ನೋಡುವ ಅಭ್ಯಾಸವನ್ನೇ ತಪ್ಪಿಸಿತು ಎಂಬುದು ಈ ಪತ್ರಿಕೆಯ ಖಚಿತ ಅಭಿಪ್ರಾಯ.

ಪರದೆಯ ಜನಪ್ರಿಯತೆ ಮತವಾಗುವುದೇ? ಮಂಡ್ಯವನ್ನು ನೋಡಿ. ಅಂಬರೀಷ್ ಅಲ್ಲಿಂದ 1998ರಲ್ಲಿ ಜನತಾ ದಳದಿಂದಲೂ 1999, 2004ರಲ್ಲಿ ಕಾಂಗ್ರೆಸ್‌ನಿಂದಲೂ ಲೋಕಸಭೆಗೆ ಗೆದ್ದರು. 2013ರ ಉಪಚುನಾವಣೆಯಲ್ಲಿ ಗೆದ್ದ ರಮ್ಯಾ ಮರುವರ್ಷವೇ ಸುಮಾರು 5,500 ಮತಗಳಿಂದ ಸೋತರು. 2019ರಲ್ಲಿ ಪಕ್ಷೇತರರಾಗಿ ನಿಂತ ಅಂಬರೀಷ್ ಅವರ ಪತ್ನಿ ಸುಮಲತಾ, ಆಗಿನ ಮುಖ್ಯಮಂತ್ರಿಯ ಮಗ ನಿಖಿಲ್ ಕುಮಾರಸ್ವಾಮಿಯವರನ್ನು 1,25,876 ಮತಗಳಿಂದ ಸೋಲಿಸಿದರು. ದರ್ಶನ್, ಯಶ್ ಹಳ್ಳಿಹಳ್ಳಿಗೆ ತಿರುಗಿ ಪ್ರಚಾರ ಮಾಡಿದ್ದರಿಂದ ಇದನ್ನು ತಾರೆಯರ ಗೆಲುವು ಎನ್ನುವವರಿದ್ದಾರೆ. ಆದರೆ ಎದುರಿಗಿದ್ದವರೂ ನಟರೇ ಅಲ್ಲವೇ? ಆ ಗೆಲುವಿನ ಹಿಂದೆ ಅಂಬರೀಷ್ ತೀರಿಹೋಗಿ ಆರು ತಿಂಗಳೂ ಆಗಿರದ ಕ್ಷೇತ್ರದ ದುಃಖವಿತ್ತು, ಬಿಜೆಪಿಯ ಬೆಂಬಲವಿತ್ತು, ಜೆಡಿಎಸ್ ಜೊತೆಗಿನ ಮೈತ್ರಿ ಒಪ್ಪದ ಸ್ಥಳೀಯ ಕಾಂಗ್ರೆಸ್ಸಿಗರ ಅಸಮಾಧಾನವಿತ್ತು.

ಬೇರೆ ಕಡೆಯ ಲೆಕ್ಕ ಇನ್ನೂ ನೇರ. ನಟ ಶಿವರಾಜ್‌ಕುಮಾರ್ ಅವರ ಪತ್ನಿ ಗೀತಾ ಶಿವರಾಜ್‌ಕುಮಾರ್ ಶಿವಮೊಗ್ಗದಲ್ಲಿ 2014ರಲ್ಲೂ 2024ರಲ್ಲೂ ಸೋತರು. 2023ರಲ್ಲಿ ಸುದೀಪ್ ಪ್ರಚಾರ ಮಾಡಿದ ಬಿಜೆಪಿ 66 ಸ್ಥಾನಕ್ಕೆ ಇಳಿಯಿತು. ನಿಖಿಲ್ 2023ರಲ್ಲಿ ರಾಮನಗರದಲ್ಲಿ, 2024ರ ನವೆಂಬರಿನಲ್ಲಿ ಚನ್ನಪಟ್ಟಣದಲ್ಲಿ ಸೋತರು. ಚನ್ನಪಟ್ಟಣದಲ್ಲಿ ಗೆದ್ದ ಸಿ.ಪಿ. ಯೋಗೇಶ್ವರ್ ಕೂಡ ಒಂದು ಕಾಲದಲ್ಲಿ ಬಣ್ಣ ಹಚ್ಚಿದವರೇ. ತಾರೆ ಬಂದರೆ ಸಭೆಗೆ ಜನ ಸೇರುತ್ತಾರೆ, ಮತ ಹಾಕುವಾಗ ಬೇರೆ ಲೆಕ್ಕ ಹಾಕುತ್ತಾರೆ. ಇದರ ಬೆಲೆ ತೆರುವುದು ಮಾತ್ರ ಸಿನಿಮಾ. 2023ರಲ್ಲಿ ಸುದೀಪ್ ಅವರ, 2024ರಲ್ಲಿ ಶಿವರಾಜ್‌ಕುಮಾರ್ ಅವರ ಚಿತ್ರಗಳನ್ನು ಚುನಾವಣೆ ಮುಗಿಯುವವರೆಗೆ ತೋರಿಸಬಾರದೆಂದು ಎದುರು ಪಾಳಯದವರು ಚುನಾವಣಾ ಆಯೋಗಕ್ಕೆ ಬರೆದರು. ಒಬ್ಬ ನಟ ಒಂದು ಪಕ್ಷದವನಾದ ದಿನ, ಉಳಿದ ಪಕ್ಷಗಳ ಪ್ರೇಕ್ಷಕರಲ್ಲಿ ಒಂದು ಪಾಲು ಅವನಿಂದ ಸರಿಯುತ್ತದೆ.

2019ರ ಆಗಸ್ಟ್‌ನಲ್ಲಿ ತೆರೆಕಂಡ ‘ಕುರುಕ್ಷೇತ್ರ’ದ ಪಾತ್ರವರ್ಗವನ್ನೇ ನೋಡಿ. ನಿರ್ಮಾಪಕ ಮುನಿರತ್ನ ಆಗಷ್ಟೇ ಕಾಂಗ್ರೆಸ್ ಶಾಸಕ ಸ್ಥಾನ ಬಿಟ್ಟಿದ್ದರು, ಆಮೇಲೆ ಬಿಜೆಪಿ ಸರ್ಕಾರದಲ್ಲಿ ಮಂತ್ರಿಯಾದರು. ಭೀಷ್ಮ ಅಂಬರೀಷ್. ದುರ್ಯೋಧನ ದರ್ಶನ್, ಅಭಿಮನ್ಯು ನಿಖಿಲ್. ಮಂಡ್ಯದ ಕಣದಲ್ಲಿ ಎದುರುಬದುರಾದವರು ಒಂದೇ ಚಿತ್ರದ ಸಂಭಾವನೆ ಪಟ್ಟಿಯಲ್ಲಿದ್ದರು. ಬಂಡವಾಳ, ತಾರೆ, ಚುನಾವಣೆಯ ಟಿಕೆಟ್ ಈ ಮೂರೂ ಎಷ್ಟು ಕಿರಿದಾದ ವಲಯದಲ್ಲಿ ಸುತ್ತುತ್ತಿವೆ ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಬಂಡವಾಳ ಯಾಕೆ ಅಲ್ಲಿಂದಲೇ ಬರಬೇಕು? ಲೆಕ್ಕ ಹಾಕಿ ನೋಡೋಣ. ಟಿಕೆಟ್ ದರ 200 ರೂಪಾಯಿ ಇದ್ದರೆ ಅದರ ಮೇಲೆ 18 ಶೇಕಡಾ ಜಿಎಸ್‌ಟಿ ಸೇರಿ ಪ್ರೇಕ್ಷಕ ಕೊಡುವುದು 236. ತೆರಿಗೆ ಕಳೆದ 200ರಲ್ಲಿ ಅರ್ಧ ಮಲ್ಟಿಪ್ಲೆಕ್ಸ್‌ಗೆ ಎಂದಿಟ್ಟುಕೊಳ್ಳಿ. ಉಳಿದ 100ರಲ್ಲಿ ವಿತರಕರ ಕಮಿಷನ್ ನೂರಕ್ಕೆ ಹತ್ತು ಎಂದು ಹಿಡಿದರೆ ನಿರ್ಮಾಪಕನ ಕೈಗೆ 90. ಪ್ರಚಾರವೂ ಸೇರಿ 5 ಕೋಟಿ ಖರ್ಚಾದ ಸಾಧಾರಣ ಚಿತ್ರಕ್ಕೆ ಅಸಲು ಬರಬೇಕಾದರೆ ಸುಮಾರು 5.55 ಲಕ್ಷ ಟಿಕೆಟ್ ಮಾರಬೇಕು. ನೂರು ಪರದೆ, ದಿನಕ್ಕೆ ನಾಲ್ಕು ಆಟ, ಆಟಕ್ಕೆ 60 ಜನ ಎಂದರೂ ದಿನಕ್ಕೆ 24,000 ಟಿಕೆಟ್; ಒಂದು ಆಟವೂ ಬಿಡದೆ 23 ದಿನ ಓಡಬೇಕು. ಆದರೆ ಶುಕ್ರವಾರದಿಂದ ಭಾನುವಾರದ ಗಳಿಕೆ ನೋಡಿ ಸೋಮವಾರ ಆಟಗಳನ್ನು ಕಡಿತ ಮಾಡುತ್ತಾರೆ. ಉಳಿಯುವುದು ಬೆಳಗಿನ ಒಂಬತ್ತೂವರೆಯದು ಅಥವಾ ರಾತ್ರಿ ಹತ್ತರ ಮೇಲಿನದು. ಎರಡನೇ ಶುಕ್ರವಾರಕ್ಕೆ ಚಿತ್ರವೇ ಇರುವುದಿಲ್ಲ. ಹಿಂದೆ ಟಿವಿ ಹಕ್ಕು, ಆಮೇಲೆ ಡಿಜಿಟಲ್ ಹಕ್ಕು ಈ ಕೊರತೆ ತುಂಬುತ್ತಿದ್ದವು. ಈಗ ಒಟಿಟಿ ಸಂಸ್ಥೆಗಳು ದೊಡ್ಡ ಹೆಸರಿಲ್ಲದ ಕನ್ನಡ ಚಿತ್ರಕ್ಕೆ ಮುಂಗಡ ಕೊಡುವುದು ಅಪರೂಪ. ಜನ ನೋಡಿದಷ್ಟಕ್ಕೆ ಪಾಲು ಕೊಡುತ್ತೇವೆ ಎನ್ನುತ್ತವೆ. ಇಷ್ಟು ಅಪಾಯವಿರುವ ವ್ಯವಹಾರಕ್ಕೆ ಬ್ಯಾಂಕು ಸಾಲ ಕೊಡುವುದಿಲ್ಲ. ಲಾಭಕ್ಕಿಂತ ಹೆಸರು, ಸಂಪರ್ಕ ಬೇಕಾದವರ ದುಡ್ಡು ಮಾತ್ರ ಒಳಗೆ ಬರುತ್ತದೆ.

ಸಿಂಗಲ್ ಸ್ಕ್ರೀನ್‌ನ ಕಥೆ ಬೇರೆ. ಅಲ್ಲಿ ವಾರದ ಬಾಡಿಗೆ ಮೊದಲೇ ನಿಗದಿ, ಜನ ಬಂದರೂ ಬರದಿದ್ದರೂ ನಿರ್ಮಾಪಕ ಕಟ್ಟಬೇಕು. ಮಾಲೀಕನಿಗೆ ವರ್ಷಕ್ಕೆ 52 ವಾರ ಚಿತ್ರ ಬೇಕು. ರಾಜ್‌ಕುಮಾರ್ 1954ರಿಂದ 2000ದವರೆಗೆ ಇನ್ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿದರು. ಇಂದಿನ ದೊಡ್ಡ ನಾಯಕರು ಎರಡು ಮೂರು ವರ್ಷಕ್ಕೊಂದು ಚಿತ್ರ ಕೊಡುತ್ತಾರೆ. ವರ್ಷಕ್ಕೆ ಇನ್ನೂರರಷ್ಟು ಕನ್ನಡ ಚಿತ್ರ ಬಿಡುಗಡೆಯಾದರೂ ಎರಡು ದೊಡ್ಡ ಚಿತ್ರಗಳ ನಡುವಿನ ತಿಂಗಳುಗಳಲ್ಲಿ ಸಾವಿರ ಸೀಟಿನ ಚಿತ್ರಮಂದಿರಕ್ಕೆ ಮೂವತ್ತು ಜನ ಬರುತ್ತಾರೆ. ಕೆಂಪೇಗೌಡ ರಸ್ತೆಯ ಸುತ್ತ ಕಪಾಲಿ, ಅಲಂಕಾರ್, ಹಿಮಾಲಯ ಹೋದವು. ಮೆಜೆಸ್ಟಿಕ್ ಎಂದು ಇಡೀ ಪ್ರದೇಶಕ್ಕೆ ಹೆಸರು ಕೊಟ್ಟ ಚಿತ್ರಮಂದಿರವೂ ಇಲ್ಲ. ಆ ಜಾಗದ ಬೆಲೆಗೆ ಸಿನಿಮಾದ ಬಾಡಿಗೆ ಯಾವತ್ತೂ ಸಾಟಿಯಾಗದು.

ಇದಕ್ಕೆ ಸರ್ಕಾರ ಕೊಟ್ಟ ಮದ್ದು ಟಿಕೆಟ್ ಮಿತಿ. 2017ರಲ್ಲೇ ಒಮ್ಮೆ 200 ರೂಪಾಯಿಯ ಆದೇಶ ಬಂದಿತ್ತು, ನ್ಯಾಯಾಲಯದಲ್ಲಿ ಸಿಕ್ಕಿಬಿತ್ತು. 2025ರ ಸೆಪ್ಟೆಂಬರ್‌ನಲ್ಲಿ ನಿಯಮಕ್ಕೇ ತಿದ್ದುಪಡಿ ತಂದರು: ತೆರಿಗೆ ಬಿಟ್ಟು 200 ರೂಪಾಯಿ, 75 ಅಥವಾ ಅದಕ್ಕಿಂತ ಕಡಿಮೆ ಸೀಟಿನ ಪ್ರೀಮಿಯಂ ಪರದೆಗಳಿಗೆ ವಿನಾಯಿತಿ. ಸೆಪ್ಟೆಂಬರ್ 23ರಂದು ಹೈಕೋರ್ಟ್ ತಡೆ ನೀಡಿತು. ಅರ್ಜಿದಾರರಲ್ಲಿ ಮಲ್ಟಿಪ್ಲೆಕ್ಸ್‌ನವರ ಜೊತೆ ಕನ್ನಡದ ದೊಡ್ಡ ನಿರ್ಮಾಣ ಸಂಸ್ಥೆಯೂ ಇತ್ತು. ಚಿಕ್ಕ ಚಿತ್ರದವರು ಬೇಡಿದ ಮಿತಿ ದೊಡ್ಡ ಚಿತ್ರದವರಿಗೆ ಬೇಡ, ಯಾಕೆಂದರೆ ಅವರ ದುಡ್ಡು ಬರುವುದು ಮೊದಲ ನಾಲ್ಕು ದಿನದ 500, 800 ರೂಪಾಯಿಯ ಟಿಕೆಟ್‌ನಿಂದ. ಮಿತಿ ಉಳಿದಿದ್ದರೂ ಸೋಮವಾರದ ಆಟ ಕಡಿತಕ್ಕೆ ಅದರಲ್ಲಿ ಉತ್ತರವಿರಲಿಲ್ಲ. ಕಡಿಮೆ ಗಮನ ಸೆಳೆದ ಇನ್ನೊಂದು ಕ್ರಮ ಹೆಚ್ಚು ಉಪಯೋಗದ್ದು: 2025ರ ಸೆಪ್ಟೆಂಬರ್ 22ರಿಂದ 100 ರೂಪಾಯಿ ಮತ್ತು ಅದರೊಳಗಿನ ಟಿಕೆಟ್‌ಗೆ ಜಿಎಸ್‌ಟಿ 12ರಿಂದ 5 ಶೇಕಡಾಕ್ಕೆ ಇಳಿಯಿತು. ತಾಲ್ಲೂಕು ಕೇಂದ್ರದ ಟಾಕೀಸಿಗೆ ನೇರವಾಗಿ ತಲುಪುವ ನೆರವು ಇದು.

ಸಬ್ಸಿಡಿ, ಪ್ರಶಸ್ತಿಗಳ ವಿಷಯದಲ್ಲಿ ತಡವೇ ದೊಡ್ಡ ರೋಗ. 2019ರ ಸಾಲಿನ ರಾಜ್ಯ ಪ್ರಶಸ್ತಿ ಘೋಷಣೆಯಾದದ್ದು 2025ರ ಜನವರಿಯಲ್ಲಿ. ಅತ್ಯುತ್ತಮ ನಟ ಎಂದು ಆಯ್ಕೆಯಾದ ಸುದೀಪ್ ಅದನ್ನು ಬೇಡವೆಂದರು. ಐದು ವರ್ಷ ತಡವಾದ ಪ್ರಶಸ್ತಿಯಿಂದ ಒಂದು ಟಿಕೆಟ್ಟೂ ಹೆಚ್ಚು ಮಾರಾಟವಾಗದು. ಸಬ್ಸಿಡಿಯೂ ಹೀಗೆಯೇ: ಬಡ್ಡಿಗೆ ಸಾಲ ತಂದವನಿಗೆ ವರ್ಷಗಳು ಕಳೆದು ಸಿಕ್ಕರೆ ಅದು ಬಡ್ಡಿಗೇ ಸರಿಹೋಗುತ್ತದೆ. ಚಿತ್ರನಗರಿಯಂತೂ ಮುಖ್ಯಮಂತ್ರಿ ಬದಲಾದಂತೆ ಊರು ಬದಲಿಸಿದೆ. ಕುಮಾರಸ್ವಾಮಿಯವರ ಕಾಲಕ್ಕೆ ರಾಮನಗರ, ಯಡಿಯೂರಪ್ಪನವರ ಕಾಲಕ್ಕೆ ಬೆಂಗಳೂರಿನ ಆಸುಪಾಸು, ಸಿದ್ದರಾಮಯ್ಯನವರ ಕಾಲಕ್ಕೆ ಮೈಸೂರು.

ಇಲ್ಲಿ ಬ್ರಿಟನ್ನಿನಲ್ಲಿ ಕನ್ನಡಿಗರಾದ ನಾವು ಮಾಡಬಹುದಾದದ್ದು ಚಿಕ್ಕದು, ಆದರೆ ನೇರವಾದದ್ದು. ಕನ್ನಡ ಸಂಘದ ಕಾರ್ಯಕ್ರಮಕ್ಕೆ ನಟ-ರಾಜಕಾರಣಿಯೊಬ್ಬರನ್ನು ಕರೆಸುವ ವಿಮಾನ, ಹೋಟೆಲ್ ಖರ್ಚಿನಲ್ಲಿ ಹಲವು ಚಿತ್ರಗಳ ಪ್ರದರ್ಶನ ಏರ್ಪಡಿಸಬಹುದು. ಪರದೆಯನ್ನು ಇಡಿಯಾಗಿ ಬಾಡಿಗೆಗೆ ಹಿಡಿದರೆ ಟಿಕೆಟ್ ದರ ನಮ್ಮ ಕೈಯಲ್ಲಿರುತ್ತದೆ. 20 ಶೇಕಡಾ ವ್ಯಾಟ್ ಬಾಡಿಗೆಯಲ್ಲಿ ಸೇರಿದೆಯೇ ಎಂದು ಬರವಣಿಗೆಯಲ್ಲೇ ಕೇಳಿ. ವಿತರಕರ ಬಳಿ ಆ ಚಿತ್ರಕ್ಕೆ ಬ್ರಿಟನ್ನಿನ ಚಿತ್ರ ವರ್ಗೀಕರಣ ಮಂಡಳಿಯಾದ ಬಿಬಿಎಫ್‌ಸಿ ಪ್ರಮಾಣಪತ್ರ ಇಲ್ಲದಿದ್ದರೆ ಸ್ಥಳೀಯ ಕೌನ್ಸಿಲ್‌ನ ಅನುಮತಿ ಬೇಕು, ಅದಕ್ಕೆ ವಾರಗಳೇ ಹಿಡಿಯಬಹುದು. ಪ್ರಮಾಣಪತ್ರ ಇದ್ದರೆ ಯಾವ ದರ್ಜೆ ಎಂದು ನೋಡಿ ಪ್ರಕಟಣೆಯಲ್ಲಿ ಹಾಕಿ. 15 ಎಂದಿದ್ದರೆ ಹನ್ನೆರಡರ ಮಗುವನ್ನು ಬಾಗಿಲಲ್ಲೇ ತಡೆಯುತ್ತಾರೆ, ಅಪ್ಪ ಅಮ್ಮ ಜೊತೆಗಿದ್ದರೂ.

ಪ್ರದರ್ಶನ ಕೆಡುವುದು ಸಾಮಾನ್ಯವಾಗಿ ಕೆಡಿಎಂ ಎಂಬ ಡಿಜಿಟಲ್ ಬೀಗದ ಕೈಯಿಂದ. ಚಿತ್ರದ ಡಿಸಿಪಿ, ಅಂದರೆ ಡಿಜಿಟಲ್ ಪ್ರತಿ, ಬಂದಿದ್ದರೂ ಆ ಕೈ ಇಲ್ಲದೆ ತೆರೆಯುವುದಿಲ್ಲ. ಅದನ್ನು ಒಂದು ನಿರ್ದಿಷ್ಟ ಪರದೆಯ ಸರ್ವರ್‌ಗಾಗಿ, ನಿರ್ದಿಷ್ಟ ಅವಧಿಗಾಗಿ ಮಾಡಿರುತ್ತಾರೆ. ಚಿತ್ರಮಂದಿರದವರು ಕೊನೇ ಗಳಿಗೆಯಲ್ಲಿ 3ನೇ ಪರದೆಯಿಂದ 5ಕ್ಕೆ ಬದಲಿಸಿದರೆ ಆ ಬೀಗದ ಕೈ ಕೆಲಸ ಮಾಡದು. ಭಾರತದಲ್ಲಿ ಕುಳಿತು ಮಾಡುವವರು ಸಮಯವಲಯ ತಪ್ಪಿದರೆ ಆಟದ ಹೊತ್ತಿಗೆ ಅವಧಿ ಇನ್ನೂ ಶುರುವಾಗದಿರಬಹುದು ಅಥವಾ ಮುಗಿದೇ ಹೋಗಿರಬಹುದು. ಆದ್ದರಿಂದ ಪರದೆಯ ಸಂಖ್ಯೆ, ಸರ್ವರ್‌ನ ಕ್ರಮಸಂಖ್ಯೆ, ಆರಂಭದ ಹೊತ್ತನ್ನು ಚಿತ್ರಮಂದಿರದ ತಾಂತ್ರಿಕ ಸಿಬ್ಬಂದಿಯಿಂದ ಪಡೆದು ವಿತರಕರಿಗೆ ಒಂದು ವಾರ ಮೊದಲೇ ಕಳಿಸಿ. ಹಿಂದಿನ ದಿನವೇ ಹತ್ತು ನಿಮಿಷ ಓಡಿಸಿ ನೋಡಲು ಹೇಳಿ. ಆಗಲೇ ಇಂಗ್ಲಿಷ್ ಸಬ್‌ಟೈಟಲ್ ಇರುವ ಆವೃತ್ತಿಯೇ ಲೋಡ್ ಆಗಿದೆಯೇ ಎಂಬುದನ್ನೂ ಪರೀಕ್ಷಿಸಿ. ಇಲ್ಲೇ ಹುಟ್ಟಿ ಬೆಳೆದ ಮಕ್ಕಳು ಮಧ್ಯಂತರದಲ್ಲಿ ಎದ್ದುಹೋಗುವುದಕ್ಕೆ ಅದು ಇಲ್ಲದಿರುವುದೇ ಮುಖ್ಯ ಕಾರಣ.

ಮುಂದಿನ ಪ್ರದರ್ಶನಕ್ಕೆ ಚಿತ್ರ ಸೂಚಿಸುವವರು ಹೆಸರಿನ ಜೊತೆ ಬಿಡುಗಡೆಯ ದಿನ, ಅವಧಿ, ವಿತರಕರ ಹೆಸರು, ಸಬ್‌ಟೈಟಲ್ ಇದೆಯೇ ಇಲ್ಲವೇ ಎಂಬ ನಾಲ್ಕು ವಿವರ ಬರೆಯಿರಿ. ದೊಡ್ಡ ನಾಯಕರಿಲ್ಲದ ಚಿತ್ರಗಳನ್ನು ಸಮಿತಿ ಮೊದಲು ಪರಿಗಣಿಸುತ್ತದೆ.