ರಕ್ತ ನಿಲ್ಲಿಸುವ ಪಾಠದ ಬಗ್ಗೆ ಪೋಷಕರಿಗೆ ಪತ್ರ

ಪ್ರಿಯ ಪೋಷಕರೇ, ನಮಸ್ಕಾರ.

ಕಿಟಕಿ ಗಾಜು ಒಡೆದು ಎಂಟನೇ ತರಗತಿ ಹುಡುಗನ ಮುಂಗೈ ಕುಯ್ದ ವಿಷಯ ನಿಮಗೆಲ್ಲ ಗೊತ್ತೇ ಇದೆ. ಹುಡುಗ ಹುಷಾರಾಗಿದ್ದಾನೆ. ಗಾಜು ಸಡಿಲವಾಗಿತ್ತು, ಮೊದಲೇ ಸರಿಮಾಡಿಸಬೇಕಿತ್ತು. ಆ ತಪ್ಪು ನಮ್ಮದೇ.

ಆದರೆ ನನಗೆ ಬಂದ ಫೋನುಗಳಲ್ಲಿ ಗಾಜಿನ ಮಾತು ಕಡಿಮೆ. "ಮಗು ಅಷ್ಟು ಅಳುತ್ತಿದ್ದರೂ ಟೀಚರ್ ಒತ್ತಿ ಹಿಡಿದೇ ಇದ್ದರಂತೆ, ಗಾಯ ತೊಳೆಯಲೂ ಇಲ್ಲವಂತೆ" ಅನ್ನುವುದೇ ಜಾಸ್ತಿ. ಹೌದು, ತೊಳೆಯಲಿಲ್ಲ. ತರಚಿದ ಮಂಡಿಯಾದರೆ ನಾವೂ ಮೊದಲು ತೊಳೆಯುತ್ತೇವೆ. ರಕ್ತ ಧಾರೆಯಾಗಿ ಸುರಿಯುವಾಗ ಅದಕ್ಕೆ ಹೊತ್ತಿರುವುದಿಲ್ಲ. 30 ಕೆಜಿ ತೂಗುವ ಮಗುವಿನ ಮೈಯಲ್ಲಿರುವುದು ಎರಡು ಲೀಟರ್ ಚಿಲ್ಲರೆ ರಕ್ತ, ಅಷ್ಟೇ. ದೊಡ್ಡ ರಕ್ತನಾಳ ತುಂಡಾದರೆ ಆಂಬುಲೆನ್ಸ್ ಬರುವ ಮುಂಚೆಯೇ ಜೀವ ಹೋಗಬಹುದು.

ಟೀಚರ್ ಟವೆಲ್ ಮಡಿಚಿ ಗಾಯದ ಮೇಲಿಟ್ಟು, ಎರಡೂ ಅಂಗೈಯಿಂದ ಮೈಭಾರ ಬಿಟ್ಟು ಒತ್ತಿದರು. ಅದು ನೆನೆದಾಗ ಮೇಲೆ ಇನ್ನೊಂದು ಬಟ್ಟೆ ಇಟ್ಟರು. ನಿಂತಿತಾ ಅಂತ ಎತ್ತಿ ನೋಡಲಿಲ್ಲ. ಎತ್ತಿದರೆ ಹೆಪ್ಪುಗಟ್ಟುತ್ತಿದ್ದ ರಕ್ತ ಕಿತ್ತು ಬಂದು ಮತ್ತೆ ಶುರುವಾಗುತ್ತದೆ. ನೋವಾಗುತ್ತದೆ, ಒಪ್ಪುತ್ತೇನೆ. ಆದರೆ ಹಗುರವಾಗಿ ಒತ್ತಿದರೆ ಆ ರಕ್ತ ನಿಲ್ಲುವುದಿಲ್ಲ. ಅವರು ಒತ್ತಿ ಹಿಡಿದದ್ದೇ ಸರಿ.

ಈಗ 8ರಿಂದ 10ನೇ ತರಗತಿಯವರಿಗೂ ಇದನ್ನು ಕಲಿಸುತ್ತೇವೆ. "ಮಕ್ಕಳಿಗೆ ರಕ್ತದ ಮಾತಾಡಿ ಸುಮ್ನೆ ಹೆದರಿಸಬೇಡಿ" ಅಂತ ಕೆಲವರು ಹೇಳಿದ್ದೀರಿ. ನಿಮ್ಮ ಕಳವಳ ಅರ್ಥವಾಗುತ್ತದೆ. ರಕ್ತ ತೋರಿಸುವುದಿಲ್ಲ, ಫೋಟೋ ಕೂಡ ಇಲ್ಲ. ದಪ್ಪ ಸ್ಪಂಜು, ಬಟ್ಟೆ, ನೀರು, ಇಷ್ಟೇ ಸಾಮಾನು. ಯಾರಿಗಾದರೂ ತಲೆ ಸುತ್ತಿದಂತಾದರೆ ಹೊರಗೆ ಕೂರಬಹುದು, ಯಾರೂ ಆಡಿಕೊಳ್ಳದಂತೆ ನಾನು ನೋಡಿಕೊಳ್ಳುತ್ತೇನೆ. ಪಾಠವನ್ನಂತೂ ಕೈಬಿಡುವುದಿಲ್ಲ. ಅವತ್ತು ಒಬ್ಬ ಹುಡುಗಿ ಟೀಚರನ್ನು ಕರೆಯಲು ಓಡಿದಳು. ಉಳಿದವರು ಗೋಡೆಗೆ ಅಂಟಿಕೊಂಡು ನಿಂತಿದ್ದರು. ಏನು ಮಾಡಬೇಕು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ ಅಲ್ವಾ, ಪಾಪ.

ಪ್ರಥಮ ಚಿಕಿತ್ಸೆ ಪೆಟ್ಟಿಗೆಗೆ ಟೂರ್ನಿಕೆಟ್, ಅಂದರೆ ರಕ್ತದ ಹರಿವು ತಡೆಯಲು ಬಿಗಿದು ಕಟ್ಟುವ ಪಟ್ಟಿಯೂ ಬಂದಿದೆ. ಒತ್ತಿದರೂ ರಕ್ತ ನಿಲ್ಲದಿದ್ದರೆ ಮಾತ್ರ ಅದನ್ನು ಬಳಸುವುದು, ಅದೂ ಕೈಕಾಲಿಗೆ ಮಾತ್ರ. ಗಾಯಕ್ಕಿಂತ 5-7 ಸೆಂ.ಮೀ. ಮೇಲೆ, ಕೀಲು ಬಿಟ್ಟು ಬಿಗಿಯಬೇಕು. ಬಿಗಿದ ಸಮಯ ಬರೆದಿಡಬೇಕು. ಆಸ್ಪತ್ರೆಯವರೇ ಬಿಚ್ಚಬೇಕು. ತರಬೇತಿ ಪಡೆದ ಇಬ್ಬರು ಟೀಚರ್‌ಗಳನ್ನು ಬಿಟ್ಟು ಅದನ್ನು ಯಾರೂ ಮುಟ್ಟುವುದಿಲ್ಲ, ಮಕ್ಕಳಂತೂ ಇಲ್ಲವೇ ಇಲ್ಲ.

ಇದರ ಜೊತೆಗಿರುವ ಒಪ್ಪಿಗೆ ಚೀಟಿಗೆ ಸಹಿ ಹಾಕಿ ಶುಕ್ರವಾರದೊಳಗೆ ಕಳಿಸಿಕೊಡಿ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ